ಕರಾಟೆ ಬೆಲ್ಟಿನ ಬಣ್ಣಗಳಿಗೆ ಹೇಳುವ ಅರ್ಥ ಎಲ್ಲಿಂದ ಬಂತು?

ವಿದ್ಯಾನಗರದ ಅಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾಲ್ಕನೆಯ ತರಗತಿಯಲ್ಲಿರುವ ನನ್ನ ಮಗಳು ಕಳೆದ ಭಾನುವಾರ ಕರಾಟೆ ಬೆಲ್ಟ್ ಪರೀಕ್ಷೆಯಲ್ಲಿ ಪಾಸಾಗಿ, ಬಿಳಿ ಬೆಲ್ಟ್ ಬಿಚ್ಚಿಟ್ಟು ಹಳದಿ ಬೆಲ್ಟ್ ಕಟ್ಟಿಕೊಂಡಳು. ಬಿಳಿಯೆಂದರೆ ಇನ್ನೂ ಏನೂ ಬರೆಯದ ಮನಸ್ಸು, ಹಳದಿಯೆಂದರೆ ಮೂಡುವ ಸೂರ್ಯನ ಮೊದಲ ಕಿರಣ ಎಂದು ಅವಳ ಮಾಸ್ಟರ್ ಹೇಳಿಕೊಟ್ಟಿದ್ದಾರೆ. ಅದೇ ದಿನ ರಾತ್ರಿ ಊಟಕ್ಕೆ ಕುಳಿತಾಗ, ಕೊರಿಯಾದ ಕಾದಾಟದ ಕಲೆಯಾದ ಟೇಕ್ವಾಂಡೋ ಕಲಿಯುತ್ತಿರುವ ನನ್ನ ಅಣ್ಣನ ಮಗ, ಹಳದಿಯೆಂದರೆ ಸೂರ್ಯನಲ್ಲ, ಭೂಮಿ ಎಂದು ಹಟ ಹಿಡಿದ. ರೊಟ್ಟಿ ಆರಿಹೋದರೂ ಇಬ್ಬರ ವಾದ ಮುಗಿಯಲಿಲ್ಲ.

ಈ ಅರ್ಥಗಳು ನಿಜವಾಗಿಯೂ ಪುರಾತನ ಕಾಲದಿಂದ ನಡೆದು ಬಂದವೇ? ಹಾಗಿದ್ದರೆ ಒಂದೊಂದು ಕಡೆ ಒಂದೊಂದು ಬಗೆ ಏಕೆ? ಇದರ ಜೊತೆಗೆ ಇನ್ನೊಂದು ಪ್ರಶ್ನೆ. ಹಿಂದಿನ ಕಾಲದಲ್ಲಿ ಬಿಳಿಯ ಬೆಲ್ಟೇ ಬೆವರು, ಮಣ್ಣು, ರಕ್ತ ಹತ್ತಿ ವರ್ಷಾನುವರ್ಷಕ್ಕೆ ಕಪ್ಪಾಗುತ್ತಿತ್ತು, ಆದ್ದರಿಂದ ಬೆಲ್ಟನ್ನು ಒಗೆಯಲೇಬಾರದು ಎಂದು ಮಗಳು ಹೇಳುತ್ತಾಳೆ. ತಿಳಿದವರು ದಯವಿಟ್ಟು ವಿವರಿಸಿ.

ಕರಾಟೆ ಶಿಕ್ಷಕ, ದಾವಣಗೆರೆ

ನಮಸ್ಕಾರ ಅಕ್ಕ. ಮೊದಲು ಒಗೆಯುವ ವಿಷಯವನ್ನೇ ಹೇಳಿಬಿಡುತ್ತೇನೆ. ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಿ. ಕೊಳೆ ಹತ್ತಿ ಕಪ್ಪಾಯಿತು ಎಂಬ ಕಥೆಯನ್ನು ನಾನೂ ಚಿಕ್ಕವನಿದ್ದಾಗ ನಂಬಿದ್ದೆ, ನನ್ನ ಮೊದಲ ವಿದ್ಯಾರ್ಥಿಗಳಿಗೂ ಹೇಳಿದ್ದೆ. ಆದರೆ ಇತಿಹಾಸ ಬೇರೆಯೇ ಇದೆ.

1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆ ಸ್ಥಾಪಿಸಿದ ಜೂಡೋ ಜನಕ ಕಾನೊ ಜಿಗೊರೊ ಅವರು, ‘ಗೋ’ ಎಂಬ ಮಣೆಯಾಟದಲ್ಲಿ ಮೊದಲೇ ಬಳಕೆಯಲ್ಲಿದ್ದ ‘ಡಾನ್’ ಎಂಬ ಶ್ರೇಣಿಯನ್ನು ತಮ್ಮ ಶಿಷ್ಯರಿಗೆ ಅನ್ವಯಿಸಿ, 1883ರಲ್ಲಿ ಇಬ್ಬರಿಗೆ ಮೊದಲ ಡಾನ್ ಕೊಟ್ಟರು. ಡಾನ್ ಪಡೆದವರು ಕಪ್ಪು ಓಬಿ, ಅಂದರೆ ಕಪ್ಪು ಸೊಂಟಪಟ್ಟಿ, ಕಟ್ಟುವ ರೂಢಿ ಅದೇ ದಶಕದಲ್ಲಿ ಬಂತು. ಕಪ್ಪು ಎಂಬುದು ಕೊಳೆಯಿಂದ ತಾನಾಗಿ ಬಂದದ್ದಲ್ಲ, ಕಲಿತವರನ್ನು ಕಲಿಯುತ್ತಿರುವವರಿಂದ ಬೇರ್ಪಡಿಸಿ ತೋರಿಸಲು ಆರಿಸಿಕೊಂಡ ಗುರುತು. ಕರಾಟೆಯ ತವರಾದ ಜಪಾನಿನ ಓಕಿನಾವಾ ದ್ವೀಪದಲ್ಲಿ ಆಗ ಇಂತಹ ಬೆಲ್ಟುಗಳೇ ಇರಲಿಲ್ಲ. ಅಲ್ಲಿನ ಕರಾಟೆ ಗುರು ಫುನಾಕೋಶಿ ಗಿಚಿನ್ ಅವರು 1922ರಲ್ಲಿ ಟೋಕಿಯೋಗೆ ಬಂದು ಕೊಡೊಕಾನ್‌ನಲ್ಲಿಯೂ ಕರಾಟೆಯನ್ನು ಪ್ರದರ್ಶಿಸಿದ ನಂತರ, ಕಾನೊ ಅವರ ಶ್ರೇಣಿಪದ್ಧತಿಯನ್ನೇ ಅಳವಡಿಸಿಕೊಂಡು 1924ರಲ್ಲಿ ಮೊದಲ ಬಾರಿಗೆ ಕರಾಟೆಯಲ್ಲಿ ಡಾನ್ ನೀಡಿದರು. ಇನ್ನು ನಿಮ್ಮ ಮಗಳ ಹಳದಿ ಇನ್ನೂ ಈಚಿನದು. ಹಳದಿ, ಕಿತ್ತಳೆ, ಹಸಿರು, ನೀಲಿ ಇವೆಲ್ಲ ಯುರೋಪಿನ ಜೂಡೋ ತರಗತಿಗಳಲ್ಲಿ, ಅದರಲ್ಲಿಯೂ 1935ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕಲಿಸಿದ ಕವಾಯಿಶಿ ಮಿಕಿನೊಸುಕೆ ಅವರ ಮೂಲಕ, ಬಳಕೆಗೆ ಬಂದು ಅಲ್ಲಿಂದ ಹರಡಿದವು. ಕಪ್ಪು ಬೆಲ್ಟಿಗಾಗಿ ವರ್ಷಗಟ್ಟಲೆ ಕಾಯುವವರಿಗೆ ನಡುನಡುವೆ ಒಂದೊಂದು ಮೆಟ್ಟಿಲು ಕಾಣಿಸಬೇಕಿತ್ತು, ಬಣ್ಣಗಳು ಆ ಕೆಲಸ ಮಾಡಿದವು.

ಹಾಗಾದರೆ ಅರ್ಥಗಳು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ, ಆದರೆ ಅವು ಬಣ್ಣದೊಳಗೆ ಹುಟ್ಟಿದವಲ್ಲ, ಆಯಾ ಶಾಲೆಯವರು ಬಣ್ಣಕ್ಕೆ ಕೊಟ್ಟವು. ಕೆಂಪನ್ನೇ ನೋಡಿ. ಟೇಕ್ವಾಂಡೋದಲ್ಲಿ ಅದು ಕಪ್ಪಿಗಿಂತ ಒಂದು ಮೆಟ್ಟಿಲು ಕೆಳಗೆ. ಜೂಡೋದಲ್ಲಿ ಒಂಬತ್ತು ಮತ್ತು ಹತ್ತನೆಯ ಡಾನ್‌ನ ಹಿರಿಯರು ಮಾತ್ರ ಕಟ್ಟಬಹುದಾದ ಬಣ್ಣ. ವಿಶ್ವ ಕರಾಟೆ ಒಕ್ಕೂಟದ ಪಂದ್ಯಗಳಲ್ಲಾದರೆ ಒಬ್ಬರಿಗೆ ಕೆಂಪು, ಎದುರಾಳಿಗೆ ನೀಲಿ, ಯಾರು ಯಾವ ಕಡೆಯವರೆಂದು ತೀರ್ಪುಗಾರರಿಗೆ ತಿಳಿಯಲೆಂದಷ್ಟೇ. ನಮ್ಮ ಕರಾಟೆಯಲ್ಲಿ ಕಪ್ಪಿಗೆ ಮುಂಚೆ ಬರುವುದು ಕಂದು. ಒಂದೇ ಬಣ್ಣ ಇಷ್ಟು ಕಡೆ ಇಷ್ಟು ಬಗೆಯಾಗಿರುವಾಗ, ಹಳದಿಯ ಬಗ್ಗೆ ಮಕ್ಕಳಿಬ್ಬರೂ ಸರಿಯೇ.

ನನಗೆ ನಿಜವಾಗಿ ಮಹತ್ವದ್ದೆನಿಸುವುದು ಒಂದು ಪದ. ಮೊದಲ ಕಪ್ಪು ಬೆಲ್ಟಿಗೆ ಜಪಾನೀಯರು ‘ಇಚಿ ಡಾನ್’, ಅಂದರೆ ಒಂದನೆಯ ಡಾನ್, ಎನ್ನುವುದಿಲ್ಲ, ‘ಶೋಡಾನ್’ ಎನ್ನುತ್ತಾರೆ; ‘ಶೋ’ ಎಂದರೆ ಆರಂಭ. ಕಪ್ಪು ಬೆಲ್ಟ್ ಸಿಕ್ಕಿದ ಮರುವಾರವೇ ತರಗತಿಗೆ ಬರುವುದನ್ನು ನಿಲ್ಲಿಸಿದ ಹುಡುಗರನ್ನು ಕಂಡಿದ್ದೇನೆ, ಅದು ಇಂದಿಗೂ ನೋವಿನ ಸಂಗತಿ. ನನ್ನ ಬೆಲ್ಟಿನ ಕಪ್ಪು ಬಟ್ಟೆ ಗಂಟು ಬೀಳುವ ಜಾಗದಲ್ಲಿ ಸವೆದು ಎಳೆ ಬಿಟ್ಟು, ಒಳಗಿನ ಬಿಳಿಯ ಹತ್ತಿ ಹೊರಗೆ ಕಾಣುತ್ತಿದೆ. ಅದನ್ನು ಕಂಡ ಮಕ್ಕಳು, ‘ಸರ್, ನೀವು ಮತ್ತೆ ವೈಟ್ ಬೆಲ್ಟ್ ಆಗ್ತಿದ್ದೀರಾ?’ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.

ಟೇಕ್ವಾಂಡೋ ತರಬೇತಿದಾರ್ತಿ, ಚಿತ್ರದುರ್ಗ

ಮೇಲಿನ ಸರ್ ಅವರ ಮಾತನ್ನು ಒಪ್ಪುತ್ತೇನೆ. ಆದರೆ ಟೇಕ್ವಾಂಡೋದ ಅರ್ಥಗಳು ಅವರವರ ಬಾಯಿಗೆ ಬಂದಂತೆ ಹೇಳಿದವಲ್ಲ ಎಂಬುದನ್ನು ಸೇರಿಸಬೇಕು. 1966ರಲ್ಲಿ ಅಂತರರಾಷ್ಟ್ರೀಯ ಟೇಕ್ವಾಂಡೋ ಫೆಡರೇಷನ್ ಕಟ್ಟಿದ ಜನರಲ್ ಚೋಯ್ ಹಾಂಗ್ ಹಿ ಅವರ ಪರಂಪರೆಯಲ್ಲಿ ಬಣ್ಣಗಳು ಒಂದೇ ಗಿಡದ ಕಥೆಯಾಗಿವೆ. ಬಿಳಿ ಏನೂ ಅರಿಯದ ಮುಗ್ಧತೆ. ಹಳದಿಯೆಂದರೆ ಬೀಜ ಮೊಳೆತು ಬೇರಿಳಿಸುವ ಭೂಮಿ. ಹಸಿರು ಬೆಳೆಯುವ ಗಿಡ. ನೀಲಿ ಆ ಗಿಡ ಮರವಾಗುತ್ತ ತಲೆಯೆತ್ತುವ ಆಕಾಶ. ನಿಮ್ಮ ಅಣ್ಣನ ಮಗ ಹೇಳಿದ ‘ಭೂಮಿ’ ಇಲ್ಲಿಂದ ಬಂದದ್ದು.

ಕೆಂಪಿನಲ್ಲಿ ಮಾತ್ರ ಗಿಡ ಇಲ್ಲ, ಅಪಾಯವಿದೆ. ಎದುರಾಳಿಗೆ ದೂರ ಇರು ಎಂಬ ಎಚ್ಚರಿಕೆ ಒಂದು ಕಡೆ, ಕಟ್ಟಿದವರಿಗೆ ನಿನ್ನ ಶಕ್ತಿ ನಿನ್ನ ಹಿಡಿತದಲ್ಲಿರಲಿ ಎಂಬ ಎಚ್ಚರಿಕೆ ಇನ್ನೊಂದು ಕಡೆ. ಇದನ್ನು ನಾನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿಸಿ ತೋರಿಸುತ್ತೇನೆ. ನಮ್ಮಲ್ಲಿ ಕೆಂಪು ಬೆಲ್ಟ್ ಕಟ್ಟಿದ ಹುಡುಗಿಯೊಬ್ಬಳು, ಬಿಳಿ ಬೆಲ್ಟಿನ ಪುಟ್ಟ ಹುಡುಗ ಎತ್ತಿ ಹಿಡಿದ ಹಾಳೆಯ ಕಡೆಗೆ ಜೋರಾಗಿ ಕಾಲು ಬೀಸಿ, ಹಾಳೆಗೆ ಒಂದು ಬೆರಳಿನಷ್ಟು ಇರುವಾಗ ನಿಲ್ಲಿಸಬೇಕು. ಹಾಳೆ ಗಾಳಿಗೆ ಅಲುಗಬಹುದು, ಕಾಲು ತಾಗಬಾರದು. ಕೆಂಪಿನ ಅರ್ಥವೇನೆಂದು ಆಮೇಲೆ ಯಾರೂ ನನ್ನನ್ನು ಕೇಳಿಲ್ಲ. ಅರ್ಥ ಪುರಾತನವೋ ಈಚಿನದೋ ಎಂಬುದಕ್ಕಿಂತ, ಮಗುವಿನ ಕೈಕಾಲಿಗೆ ಅದು ಇಳಿಯಿತೇ ಎಂದು ನೋಡುವವಳು ನಾನು. ಓಬವ್ವನ ಊರಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವಾಗ ಈ ಮಾತು ನನಗೆ ಇನ್ನೂ ಮುಖ್ಯ.

ಗರಡಿಯವನು, ದಾವಣಗೆರೆ

ನಾನು ಕರಾಟೆ ಕಲಿತವನಲ್ಲ, ಗರಡಿ ಮನೆಯಲ್ಲಿ ಬೆಳೆದವನು. ನಮ್ಮಲ್ಲಿ ಬೆಲ್ಟೂ ಇಲ್ಲ, ಬಣ್ಣವೂ ಇಲ್ಲ. ಹೊಸಬನಿಗೂ ಹೆಸರಾದ ಪೈಲ್ವಾನನಿಗೂ ಅದೇ ಲಂಗೋಟಿ, ಅದೇ ಮಟ್ಟಿಯ ಕೆಮ್ಮಣ್ಣು. ಯಾರು ಎಷ್ಟು ಕಲಿತಿದ್ದಾರೆ ಎಂಬುದು, ವಸ್ತಾದರು, ಅಂದರೆ ಗರಡಿಯ ಗುರುಗಳು, ಯಾರನ್ನು ಯಾರ ಜೊತೆ ಜೋಡಿ ಹಾಕುತ್ತಾರೆ ಎಂಬುದರಲ್ಲಿ ತಿಳಿಯುತ್ತದೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಗೊತ್ತು. ಲಂಗೋಟಿಯನ್ನು ಮಾತ್ರ ದಿನವೂ ಒಗೆಯುತ್ತೇವೆ ತಾಯಿ, ಮಣ್ಣಿನ ಮೇಲಿನ ಭಕ್ತಿ ಅದರಿಂದ ಕಡಿಮೆಯಾಗಿಲ್ಲ.

ವಿದ್ಯಾನಗರದ ಅಮ್ಮ, ದಾವಣಗೆರೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಓದಿ ಹೇಳಿದೆ. ಹಾಳೆಯ ಪರೀಕ್ಷೆ ಅವರಿಗೆ ತುಂಬಾ ಹಿಡಿಸಿ, ಹಳೆಯ ಕ್ಯಾಲೆಂಡರಿನ ಪುಟಗಳೆಲ್ಲ ಈಗ ನಡುಮನೆಯಲ್ಲಿವೆ. ಇದುವರೆಗೆ ಇಬ್ಬರ ಕಾಲೂ ತಾಗುತ್ತಲೇ ಇದೆ. ಹಳದಿ ಬೆಲ್ಟನ್ನು ಒಗೆದು ಒಣಹಾಕಿದ್ದೇನೆ. ಬಿಳಿಯದನ್ನು ಏನು ಮಾಡಲಿ ಎಂದು ಕೇಳಿದಾಗ, ಮಗಳು ಅದನ್ನು ಮಡಿಸಿ ತನ್ನ ಪುಸ್ತಕದ ಕಪಾಟಿನಲ್ಲಿಯೇ ಇಟ್ಟುಕೊಂಡಳು.