ಗೆದ್ದ ಮ್ಯಾಲ 'ಐಎಂಎಫ್ ಸಾಲ ಕಟ್ಟಲ್ಲ' ಅಂದ್ರ ಏನಾಗ್ತದ?

ರಾಯಚೂರು_ಕೆಎಎಸ್:
ಮೇನ್ಸ್‌ಗೆ ಅರ್ಥಶಾಸ್ತ್ರ ಓದ್ತಿರೋರಿಗೆ ಒಂದು ಪ್ರಶ್ನೆ. ಗ್ರೀಸ್, ಅರ್ಜೆಂಟೀನಾ, ಶ್ರೀಲಂಕಾ ಎಲ್ಲಾ ಕಡೆ ಒಂದೇ ಆಟ ಕಾಣ್ತದ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಷರತ್ತು ಒಪ್ಪಲ್ಲ ಅಂತ ಹೇಳಿ ಗೆಲ್ತಾರ, ಕುರ್ಚಿ ಮ್ಯಾಲ ಕೂತ ಮ್ಯಾಲ ಅದೇ ಕಾಗದಕ್ಕ ಸಹಿ ಹಾಕ್ತಾರ. ಸ್ವತಂತ್ರ ದೇಶ ಕಟ್ಟಲ್ಲ ಅಂದ್ರ ಯಾರು ಬಂದು ಏನು ಜಪ್ತಿ ಮಾಡ್ತಾರ್ರಿ? ಇನ್ನೊಂದು, ಗ್ಯಾರಂಟಿ ಯೋಜನೆಗಳಿಂದ ಕರ್ನಾಟಕಾನೂ ಐಎಂಎಫ್ ಬಾಗಿಲಿಗೆ ಹೋಗ್ತದ ಅಂತ ವಾಟ್ಸಾಪ್‌ನ್ಯಾಗ ಓಡಾಡ್ಲಿಕತ್ತದ. ಎಷ್ಟು ಖರೆ?

ಗಂಗಾವತಿ_ಲೆಕ್ಕ:
ಜಪ್ತಿಗೆ ಯಾರೂ ಬರಲ್ಲ. ಮುಂದಿನ ಕಂತು ನಿಲ್ಲುತ್ತೆ.

ಬಸವ ವಸತಿ ಮನೆ ಕಟ್ಟಿಸಿದವರನ್ನ ಕೇಳಿ ನೋಡಿ. ತಳಪಾಯದ ಜಿಪಿಎಸ್ ಫೋಟೊ ಏರಿಸಿದ ಮೇಲೆ ಒಂದು ಬಿಲ್, ಲಿಂಟಲ್ ಆದ ಮೇಲೆ ಇನ್ನೊಂದು, ಚಾವಣಿಗೆ ಮತ್ತೊಂದು. ಐಎಂಎಫ್ ಸಾಲವೂ ಹೀಗೆ ಹಂತಹಂತವಾಗಿಯೇ ಇಳಿಯೋದು. ಹಣಕಾಸು ಸಚಿವರು ಮತ್ತು ಕೇಂದ್ರ ಬ್ಯಾಂಕಿನ ಗವರ್ನರ್ ಏನೇನು ಮಾಡ್ತೀವಿ ಅಂತ ಒಂದು ಪತ್ರಕ್ಕೆ ಸಹಿ ಹಾಕ್ತಾರೆ. ಕೆಲವು ಕೆಲಸ (ತೆರಿಗೆ ಏರಿಸೋದು, ಡೀಸೆಲ್ ಸಬ್ಸಿಡಿ ತೆಗೆಯೋದು ಇತ್ಯಾದಿ) ಸಾಲ ಮಂಜೂರಾಗೋ ಮೊದಲೇ ಆಗಿರಬೇಕು. ಆಮೇಲೆ ಮೂರು ಅಥವಾ ಆರು ತಿಂಗಳಿಗೊಮ್ಮೆ ತಪಾಸಣೆ: ವಿದೇಶಿ ವಿನಿಮಯ ಮೀಸಲು ಇಷ್ಟಿರಬೇಕು, ಬಡ್ಡಿ ಬಿಟ್ಟು ಉಳಿದ ಬಜೆಟ್ ಕೊರತೆ ಇಷ್ಟರೊಳಗಿರಬೇಕು. ಗುರಿ ತಪ್ಪಿದರೆ ಕಾರಣ ಕೊಟ್ಟು ವಿನಾಯಿತಿ ಕೇಳಬಹುದು, ಎಷ್ಟೋ ಸಲ ಸಿಕ್ಕೂ ಇದೆ. ಆದರೆ ಐಎಂಎಫ್ ಮಂಡಳಿ ಒಪ್ಪೋವರೆಗೂ ಹಣ ಬರಲ್ಲ. ಅಲ್ಪಾವಧಿಯ ಸ್ಟ್ಯಾಂಡ್‌ಬೈ ಸಾಲವನ್ನ ಮೂರೂಕಾಲರಿಂದ 5 ವರ್ಷದೊಳಗೆ ತೀರಿಸಬೇಕು. ವಿಸ್ತೃತ ಸಾಲವಾದರೆ ನಾಲ್ಕೂವರೆ ವರ್ಷಕ್ಕೆ ಶುರುವಾಗಿ 10ನೇ ವರ್ಷಕ್ಕೆ ಮುಗಿಯುತ್ತೆ, ಆರು ತಿಂಗಳಿಗೊಂದರಂತೆ 12 ಕಂತು.

ಗೆದ್ದ ಸರ್ಕಾರ ಸಿಕ್ಕಿಬೀಳೋದು ಈ ಮರುಪಾವತಿ ಕ್ಯಾಲೆಂಡರಿನಲ್ಲಿ. ಓಟು ಬಿದ್ದ ಮಾತ್ರಕ್ಕೆ ಕಂತಿನ ತಾರೀಖು ಮುಂದಕ್ಕೆ ಹೋಗಲ್ಲ.

ಗ್ರೀಸ್ 2015ನ್ನ ತಾರೀಖು ಹಿಡಿದು ಓದಿ. ಜನವರಿ 25ಕ್ಕೆ ಷರತ್ತು ವಿರೋಧಿಸಿದ ಸಿರಿಜಾ ಪಕ್ಷ ಗೆದ್ದಿತು. ಮೇ 12ರ ಸುಮಾರು 75 ಕೋಟಿ ಯೂರೊ ಕಂತಿಗೆ ದುಡ್ಡಿಲ್ಲದೆ, ಐಎಂಎಫ್‌ನಲ್ಲೇ ತನ್ನ ಹೆಸರಲ್ಲಿದ್ದ ಎಸ್‌ಡಿಆರ್ (ಸದಸ್ಯ ದೇಶಗಳಿಗೆ ಐಎಂಎಫ್ ಹಂಚೋ ಮೀಸಲು ಆಸ್ತಿ) ಕರಗಿಸಿ ಐಎಂಎಫ್‌ಗೇ ಕಟ್ಟಿತು. ಜೂನಿನ ಕಂತುಗಳನ್ನೆಲ್ಲ ತಿಂಗಳ ಕೊನೆಗೆ ಒಟ್ಟಿಗೆ ಕಟ್ತೀನಿ ಅಂದಿತು, ಜೂನ್ 30ಕ್ಕೆ ಸುಮಾರು 150 ಕೋಟಿ ಯೂರೊ ಬಾಕಿ ಬಿತ್ತು. ಅಷ್ಟರಲ್ಲಿ ಬ್ಯಾಂಕುಗಳಿಗೆ ಬೀಗ, ಎಟಿಎಂನಲ್ಲಿ ದಿನಕ್ಕೆ 60 ಯೂರೊ. ಜುಲೈ 5ರ ಜನಮತದಲ್ಲಿ ಶೇ 61 ಮಂದಿ ಷರತ್ತು 'ಬೇಡ' ಅಂದರು. 13ಕ್ಕೆ ಅದೇ ಸರ್ಕಾರ ಯೂರೋಪಿನ ಜೊತೆ ಒಪ್ಪಂದ ಮಾಡಿಕೊಂಡಿತು, ಷರತ್ತು ಇನ್ನೂ ಬಿಗಿಯಾದವು. ಜುಲೈ 20ಕ್ಕೆ ಯೂರೋಪಿನ ಕೈಸಾಲದಲ್ಲಿ ಐಎಂಎಫ್ ಬಾಕಿ ಚುಕ್ತಾ. ಅಲ್ಲಿ ಕತ್ತು ಹಿಡಿದದ್ದು ಐಎಂಎಫ್ ಒಂದೇ ಅಲ್ಲ. ಯೂರೊ ಅಚ್ಚು ಹಾಕೋ ಅಧಿಕಾರ ಅಥೆನ್ಸ್ ಕೈಲಿರಲಿಲ್ಲ, ಗ್ರೀಕ್ ಬ್ಯಾಂಕುಗಳಿಗೆ ಕೊಡೋ ತುರ್ತು ನಗದಿನ ಮಿತಿಯನ್ನ ಯೂರೋಪಿನ ಕೇಂದ್ರ ಬ್ಯಾಂಕ್ ಏರಿಸಲಿಲ್ಲ.

ಸಂಡೂರು_ಅದಿರು:
ಮೇಲಿನವರ ಮಾತು ಸರಿ, ಆದರೆ 'ಎಲ್ಲಾ ಕಡೆ ಒಂದೇ ಆಟ' ಅನ್ನೋದು ಸರಿಯಲ್ಲ. ಐಎಂಎಫ್‌ಗೆ ಕೈಮುಗಿದು ಹೊರಗೆ ಕಳಿಸಿದವರೂ ಇದ್ದಾರೆ. ಥಾಯ್ಲೆಂಡಿನಲ್ಲಿ 2001ರಲ್ಲಿ ಗೆದ್ದ ಥಕ್ಸಿನ್ 2003ರ ಜುಲೈನಲ್ಲಿ ಅವಧಿಗೆ ಮೊದಲೇ ಸಾಲ ತೀರಿಸಿದರು. ಬ್ರೆಜಿಲಿನ ಲೂಲಾ 2005ರ ಡಿಸೆಂಬರಿನಲ್ಲಿ, ಅರ್ಜೆಂಟೀನಾದ ಕಿರ್ಚ್ನರ್ 2006ರ ಜನವರಿಯಲ್ಲಿ ಪೂರ್ತಿ ಬಾಕಿಯನ್ನ ಒಂದೇ ಏಟಿಗೆ ಕಟ್ಟಿದರು. ಯಾರೂ ಸಾಲ ಮುಳುಗಿಸಿ ಹೊರಬಂದವರಲ್ಲ. ಕಟ್ಟೋ ಡಾಲರ್ ಬಂದದ್ದು ರಫ್ತಿನಿಂದ. ಚೀನಾದ ಹಸಿವಿಗೆ ನಮ್ಮ ಬಳ್ಳಾರಿ ಅದಿರಿಗೆ ಚಿನ್ನದ ಬೆಲೆ ಬಂತಲ್ಲ, ಅದೇ ಸುಮಾರಿಗೆ ಬ್ರೆಜಿಲಿನ ಅದಿರು, ಅರ್ಜೆಂಟೀನಾದ ಸೋಯಾ ಕೂಡ ಅದೇ ಗಾಳಿಗೆ ಏರಿದ್ದು.

ತಪ್ಪೆಲ್ಲ ಗೆದ್ದವರ ತಲೆಗೇ ಕಟ್ಟಬೇಡಿ. 2018ರಲ್ಲಿ ಅರ್ಜೆಂಟೀನಾದ ಮಾಕ್ರಿ ಸರ್ಕಾರಕ್ಕೆ ಐಎಂಎಫ್ ಮೊದಲು 5,000 ಕೋಟಿ, ಆಮೇಲೆ ಏರಿಸಿ ಸುಮಾರು 5,700 ಕೋಟಿ ಡಾಲರ್ ಒಪ್ಪಿತು. ಅದರ ಇತಿಹಾಸದಲ್ಲೇ ದೊಡ್ಡ ಸಾಲ, ಅದೂ ಚುನಾವಣೆಗೆ ವರ್ಷ ಇರುವಾಗ. 2019ರ ಆಗಸ್ಟ್ 11ರ ಪ್ರಾಥಮಿಕ ಮತದಾನದಲ್ಲಿ ಮಾಕ್ರಿ ಸೋತರು, ಮರುದಿನ ಡಾಲರಿಗೆ 45 ಪೆಸೊ ಇದ್ದದ್ದು 57ರ ಆಸುಪಾಸಿಗೆ ಬಿತ್ತು. ಇಲ್ಲಿ ಗಮನಿಸಬೇಕಾದ್ದು, ಎದುರಾಳಿ ಇನ್ನೂ ಅಧಿಕಾರಕ್ಕೇ ಬಂದಿರಲಿಲ್ಲ. ಸೆಪ್ಟೆಂಬರ್ 1ಕ್ಕೆ ಒಬ್ಬರು ತಿಂಗಳಿಗೆ 10,000 ಡಾಲರ್ ಮಾತ್ರ ಕೊಳ್ಳಬೇಕು ಅಂತ ಮಿತಿ ಬಂತು, ಅಕ್ಟೋಬರಿನ ಮತದಾನ ಮುಗಿದ ರಾತ್ರಿಯೇ ಅದು 200ಕ್ಕೆ ಇಳಿಯಿತು. ಅಷ್ಟೊತ್ತಿಗೆ ಸುಮಾರು 4,400 ಕೋಟಿ ಡಾಲರ್ ಬಿಡುಗಡೆಯಾಗಿತ್ತು. ಗೆದ್ದು ಬಂದು ಉಳಿದದ್ದು ಬೇಡ ಅಂದ ಎದುರಾಳಿ ಫರ್ನಾಂಡಿಸ್ ಸರ್ಕಾರವೇ 2022ರಲ್ಲಿ ಹಳೇ ಸಾಲ ತೀರಿಸಲು ಅಷ್ಟೇ ಮೊತ್ತದ ಹೊಸ ಸಾಲ ಮಾಡಿತು. ನಮ್ಮ ಕಡೆ ಬೆಳೆ ಸಾಲ ರಿನ್ಯೂವಲ್ ಮಾಡಿಸ್ತಾರಲ್ಲ, ಅದೇ ಲೆಕ್ಕ.

ರಾಯಚೂರು_ಕೆಎಎಸ್:
ಹಂಗಾದ್ರ ಶ್ರೀಲಂಕಾದಾಗ ದಿಸಾನಾಯಕೆ ಗೆದ್ದ ಮ್ಯಾಲ ಯಾಕ ಗದ್ದಲ ಆಗ್ಲಿಲ್ಲ?

ಗಂಗಾವತಿ_ಲೆಕ್ಕ:
ಬಿದ್ದ ಪೆಟ್ಟು ಆಗಲೇ ಬಿದ್ದಿತ್ತು. ಗೊಟಬಯ 2019ರಲ್ಲಿ ಗೆದ್ದ ಕೂಡಲೇ ವ್ಯಾಟ್ ಶೇ 15ರಿಂದ 8ಕ್ಕೆ ಇಳಿಸಿದರು. 2022ರ ಏಪ್ರಿಲ್ 12ಕ್ಕೆ ದೇಶ ವಿದೇಶಿ ಸಾಲ ಕಟ್ಟೋದನ್ನೇ ನಿಲ್ಲಿಸಿತು. 2023ರ ಮಾರ್ಚಿನಲ್ಲಿ ಸುಮಾರು 300 ಕೋಟಿ ಡಾಲರಿನ ಐಎಂಎಫ್ ಸಾಲ ಮಂಜೂರಾಯ್ತು, 2024ರ ಜನವರಿಗೆ ವ್ಯಾಟ್ ಶೇ 18. ಸೆಪ್ಟೆಂಬರಿನಲ್ಲಿ ದಿಸಾನಾಯಕೆ ಬಂದಾಗ ಬಾಂಡ್‌ದಾರರ ಜೊತೆ ಮಾತುಕತೆ ಕೊನೇ ಹಂತದಲ್ಲಿತ್ತು, ಒಪ್ಪಂದ ಮುರಿದರೆ ಅದೂ ನೀರಪಾಲು. ಹಾಗಾಗಿ ಒಟ್ಟು ಗುರಿಯನ್ನ ಬದಲಿಸದೆ, ತೆರಿಗೆ ಯಾರ ಮೇಲೆ ಎಷ್ಟು ಬೀಳಬೇಕು ಅನ್ನೋದರಲ್ಲಿ ಮಾತ್ರ ಚೌಕಾಸಿ ಮಾಡಿದರು. ಚೌಕಾಸಿಗೆ ಜಾಗ ಇರೋದು ಅಲ್ಲೇ. ಪರೀಕ್ಷೆಗೆ ಒಂದು ಸಂಗತಿ: ಐಎಂಎಫ್ ಮಂಡಳಿಯಲ್ಲಿ ಶ್ರೀಲಂಕಾ, ಬಾಂಗ್ಲಾದೇಶ, ಭೂತಾನ್ ನಮ್ಮ ದೇಶದ ಜೊತೆ ಒಂದೇ ಕುರ್ಚಿ ಹಂಚಿಕೊಂಡಿವೆ.

ಸಿರುಗುಪ್ಪ_ಆಡಿಟ್:
ವಾಟ್ಸಾಪ್ ಸುದ್ದಿ ಸುಳ್ಳು. ಐಎಂಎಫ್ ಸದಸ್ಯತ್ವ ಇರೋದು ದೇಶಗಳಿಗೆ, ರಾಜ್ಯಗಳಿಗಲ್ಲ. ಸಂವಿಧಾನದ 293ನೇ ವಿಧಿ ಪ್ರಕಾರ ರಾಜ್ಯ ಭಾರತದೊಳಗೆ ಮಾತ್ರ ಸಾಲ ಎತ್ತಬಹುದು. ಕೇಂದ್ರದ ಸಾಲ ಬಾಕಿ ಇದ್ದರೆ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆಯೂ ಬೇಕು. ವಿಶ್ವಬ್ಯಾಂಕ್, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಯೋಜನಾ ಸಾಲ ಬರೋದೂ ದೆಹಲಿ ಮೂಲಕವೇ. ಗ್ಯಾರಂಟಿ ಹೊರೆ ಹೆಚ್ಚಾದರೆ ಅದು ಕಾಣೋದು ರಾಜ್ಯದ ಬಾಂಡ್ ಬಡ್ಡಿಯಲ್ಲಿ, ಗುತ್ತಿಗೆದಾರರ ಬಾಕಿ ಬಿಲ್ಲಿನಲ್ಲಿ, ಮುಂದಕ್ಕೆ ಹೋದ ಕಾಲುವೆ ಕೆಲಸದಲ್ಲಿ. ಡಾಲರ್ ಬಿಕ್ಕಟ್ಟೇ ಬೇರೆ ರೋಗ.

ಸಂಡೂರು_ಅದಿರು:
ನಮ್ಮ ದೇಶದ 1991ರ ಡಾಲರ್ ಬಿಕ್ಕಟ್ಟಿನ ಬಗ್ಗೆ ಬರೆಯುವಾಗ ಹುಷಾರು. 'ಐಎಂಎಫ್‌ಗೆ ಚಿನ್ನ ಅಡವಿಟ್ಟರು' ಅಂತ ಬರೆದರೆ ಅಂಕ ಹೋಗುತ್ತೆ. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಅಡವಿಟ್ಟದ್ದು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಸಾಲಕ್ಕೆ, ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಐಎಂಎಫ್ ಅಡವು ಕೇಳಲ್ಲ, ಷರತ್ತು ಹಾಕುತ್ತೆ. ಹಟ್ಟಿ ಇರೋ ಜಿಲ್ಲೆಯವರು ನೀವು, ಚಿನ್ನದ ಲೆಕ್ಕ ತಪ್ಪಬೇಡಿ.