ತಾಳೆಪಟ್ಟಿ ಹೊಂದಿದೆ, ಹಣ ಮಾತ್ರ ಇಲ್ಲ: ಲೆಕ್ಕಪರಿಶೋಧಕರಿಗೆ ಪ್ರಶ್ನೆಗಳು

ಮುದ್ರಣ ಘಟಕದ ಸದಸ್ಯ: ಮೇಡಂ, ಘಟಕ ಆರಂಭಿಸಿ 6 ತಿಂಗಳಾಯಿತು. ತಾಳೆಪಟ್ಟಿಯ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ, ಟ್ರಯಲ್ ಬ್ಯಾಲೆನ್ಸ್) ಎರಡೂ ಬದಿಗಳ ಮೊತ್ತ ಒಂದೇ ಇದೆ, 1,80,000 ಲಾಭವೂ ಕಾಣುತ್ತಿದೆ. ಆದರೆ ಕಾಗದ ಕೊಳ್ಳಲು ಬ್ಯಾಂಕಿನಲ್ಲಿ ಹಣವಿಲ್ಲ.

ಲೆಕ್ಕಪರಿಶೋಧಕಿ: ಸಾಲ ಪಡೆದಿದ್ದೀರಾ? ಪಡೆದಿದ್ದರೆ ಯಾವ ಖಾತೆಗೆ ಬರೆದಿದ್ದೀರಿ?

ಮುದ್ರಣ ಘಟಕದ ಸದಸ್ಯ: 3,00,000 ಪಡೆದೆ. ಹಣ ಬಂದದ್ದರಿಂದ ಬ್ಯಾಂಕ್ ಖಾತೆಗೆ ಡೆಬಿಟ್, ಮಾರಾಟಕ್ಕೆ ಕ್ರೆಡಿಟ್ ಬರೆದೆ. ಇದುವರೆಗಿನ ಕಂತು 72,000 ‘ಸಾಲದ ಖರ್ಚು’ ಖಾತೆಯಲ್ಲಿದೆ. ಅದರಲ್ಲಿ ಬಡ್ಡಿ 15,000.

ಲೆಕ್ಕಪರಿಶೋಧಕಿ: ನನಗೆ ಇದ್ದ ಅನುಮಾನ ಇದೇ. ಡೆಬಿಟ್ ಮತ್ತು ಕ್ರೆಡಿಟ್ ಮೊತ್ತಗಳು ಸಮವಾಗಿದ್ದರೆ ತಾಳೆಪಟ್ಟಿ ಹೊಂದಿಬಿಡುತ್ತದೆ. ಆ ಮೊತ್ತ ತಕ್ಕ ಖಾತೆಗೆ ಹೋಯಿತೇ ಎಂಬುದನ್ನು ಅದು ನೋಡುವುದಿಲ್ಲ. ಸಾಲ ಆದಾಯವಲ್ಲ, ಹಿಂತಿರುಗಿಸಬೇಕಾದ ಹೊಣೆ. ಹಾಗೆಯೇ ಕಂತಿನಲ್ಲಿ ಬಡ್ಡಿಯಷ್ಟೇ ಖರ್ಚು. ಉಳಿದ 57,000 ಸಾಲವನ್ನು ಇಳಿಸಿದ ಹಣ. ಆದ್ದರಿಂದ ಮಾರಾಟ ಖಾತೆಗೆ 3,00,000 ಡೆಬಿಟ್ ಮಾಡಿ ಸಾಲ ಖಾತೆಗೆ ಕ್ರೆಡಿಟ್ ಕೊಡಿ. ಅನಂತರ ಸಾಲ ಖಾತೆಗೆ 57,000, ಬಡ್ಡಿ ಖಾತೆಗೆ 15,000 ಡೆಬಿಟ್ ಮಾಡಿ ‘ಸಾಲದ ಖರ್ಚಿ’ಗೆ 72,000 ಕ್ರೆಡಿಟ್ ಕೊಟ್ಟು ಆ ಖಾತೆಯನ್ನು ಮುಚ್ಚಿಬಿಡಿ. ಆಗ ಸಾಲದ ಬಾಕಿ 2,43,000 ಎಂದು ಕಾಣುತ್ತದೆ, ನಿಮ್ಮ 1,80,000 ಲಾಭದಿಂದ 3,00,000 ಕಳೆದು 57,000 ಕೂಡಿಸಿದರೆ ಅದು 63,000 ನಷ್ಟವಾಗುತ್ತದೆ. ಯಂತ್ರದ ಸವಕಳಿಯನ್ನು, ಅಂದರೆ ಬಳಕೆಯಿಂದ ಇಳಿದ ಬೆಲೆಯನ್ನು, ಇನ್ನೂ ಬರೆದಿಲ್ಲವಾದರೆ ನಷ್ಟ ಇದಕ್ಕಿಂತಲೂ ಹೆಚ್ಚು. ಈ ಲಾಭವನ್ನು ನಂಬಿ ಮನೆಖರ್ಚಿಗೆ ಹಣ ತೆಗೆದಿದ್ದರೆ ಇಂದೇ ನಿಲ್ಲಿಸಿ.

ವಿದ್ಯಾರ್ಥಿ: ಯಂತ್ರವನ್ನು ಸಾಲಕ್ಕೆ ಕೊಂಡರೆ?

ಲೆಕ್ಕಪರಿಶೋಧಕಿ: ಯಂತ್ರ ಖಾತೆಗೆ ಡೆಬಿಟ್, ಮಾರಿದವರ ಖಾತೆಗೆ ಕ್ರೆಡಿಟ್.

ಹೊಸ ಸದಸ್ಯೆ: ಪೀಠೋಪಕರಣವನ್ನು ಸಾಲಕ್ಕೆ ಕೊಂಡರೆ?

ಲೆಕ್ಕಪರಿಶೋಧಕಿ: ಮೇಲಿನ ಉತ್ತರವನ್ನೇ ನೋಡಿ, ಯಂತ್ರದ ಬದಲು ಪೀಠೋಪಕರಣ.

ಹಿರಿಯ ಸದಸ್ಯ: ಉಪಯುಕ್ತ ಸಂದೇಶವೊಂದು ಬಂದಿದೆ, ಹಂಚಿಕೊಳ್ಳುತ್ತಿದ್ದೇನೆ: ‘ಬಂದದ್ದಕ್ಕೆ ಡೆಬಿಟ್, ಹೋದದ್ದಕ್ಕೆ ಕ್ರೆಡಿಟ್. ತಾಳೆಪಟ್ಟಿಯ ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆ. ತಪ್ಪು ಸಿಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಗಿಸಿ.’

ಲೆಕ್ಕಪರಿಶೋಧಕಿ: ಮೊದಲನೆಯದು ಆಸ್ತಿ ಖಾತೆಗಳ ಸೂತ್ರ ಮಾತ್ರ. ಬಾಡಿಗೆ ಕಟ್ಟಿದಾಗ ಯಾವ ವಸ್ತುವೂ ಬರುವುದಿಲ್ಲ, ಆದರೂ ಬಾಡಿಗೆ ಖಾತೆಗೆ ಡೆಬಿಟ್ ಬರೆಯುತ್ತೇವೆ. ಎರಡನೆಯದು ಸುಳಿವೇ ಹೊರತು ತೀರ್ಪಲ್ಲ. 5,400 ಅನ್ನು 4,500 ಎಂದು ಬರೆದರೆ ವ್ಯತ್ಯಾಸ 900. 450ರ ಒಂದು ನಮೂದು ತಪ್ಪು ಬದಿಗೆ ಹೋದರೂ 900ರ ವ್ಯತ್ಯಾಸವೇ ಬರುತ್ತದೆ. ಮೂರನೆಯದನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಸಸ್ಪೆನ್ಸ್ ಖಾತೆ ತಪ್ಪು ಸಿಗುವವರೆಗಿನ ತಂಗುದಾಣ, ಕಸದ ಬುಟ್ಟಿಯಲ್ಲ.

ಹಿರಿಯ ಸದಸ್ಯ: ಒಳ್ಳೆಯದಕ್ಕೇ ಕಳುಹಿಸಿದ್ದೆ. ಅಂದಹಾಗೆ ನಾನು ಕಟ್ಟಿದ ಹಣವನ್ನು ಬ್ಯಾಂಕಿನವರೇ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎನ್ನುತ್ತಾರೆ, ನೀವು ಡೆಬಿಟ್ ಎನ್ನುತ್ತೀರಿ.

ಗುಮಾಸ್ತ: ಪಾಸ್‌ಬುಕ್ ಬ್ಯಾಂಕಿನ ಪುಸ್ತಕದ ಪ್ರತಿ, ಸರ್. ನಿಮ್ಮ ಠೇವಣಿ ನಿಮಗೆ ಆಸ್ತಿ, ಅವರಿಗೆ ನಿಮಗೆ ಕೊಡಬೇಕಾದ ಬಾಕಿ.

ಹಿರಿಯ ಸದಸ್ಯ: ಹಾಗಾದರೆ ಇಬ್ಬರಲ್ಲಿ ಒಬ್ಬರದು ತಪ್ಪಾಗಲೇಬೇಕು.

ಗುಮಾಸ್ತ: ಇಬ್ಬರದೂ ಸರಿ ಎಂದೇ ಬರೆದಿದ್ದೇನೆ. ಓದಿದ ಮೇಲೆ ವಾದಿಸಿ.

ಇನ್ನೊಬ್ಬ ಸದಸ್ಯ: ತಂತ್ರಾಂಶ ಇರುವಾಗ ಈ ಕಸರತ್ತು ಯಾಕೆ?

ಗುಮಾಸ್ತ: ಸಾಲವನ್ನು ಮಾರಾಟ ಎಂದು ತುಂಬಿದರೆ ತಂತ್ರಾಂಶವೂ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಪಾಲುದಾರ: ಪಾಲುದಾರರೊಬ್ಬರು ನಿವೃತ್ತರಾದಾಗ ವರ್ಚಸ್ಸಿನ (ಗುಡ್‌ವಿಲ್, ಸಂಸ್ಥೆಯ ಒಳ್ಳೆಯ ಹೆಸರಿನ) ಮೌಲ್ಯವನ್ನು ಹೇಗೆ ಬರೆಯಬೇಕು? ಬೆಳಿಗ್ಗೆಯೂ ಕೇಳಿದ್ದೆ.

ಹಿರಿಯ ಸದಸ್ಯ: ಇಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ಇಷ್ಟೇ ಎಂದಾಯಿತು.

ಮುದ್ರಣ ಘಟಕದ ಸದಸ್ಯ: ಮೇಡಂ, ತಿದ್ದಿ ಬರೆದೆ, 63,000 ನಷ್ಟವೇ ಬಂತು. ಹಳೆಯ ನಮೂದುಗಳನ್ನು ಅಳಿಸಿಬಿಡಲೇ?

ಲೆಕ್ಕಪರಿಶೋಧಕಿ: ಬೇಡ. ತಪ್ಪು ನಮೂದು ಅದರ ದಿನಾಂಕದಲ್ಲೇ ಇರಲಿ. ತಿದ್ದುಪಡಿಯನ್ನು ಇಂದಿನ ದಿನಾಂಕದಲ್ಲಿ ಬರೆದು, ಕೆಳಗೆ ‘ಸಾಲವನ್ನು ಮಾರಾಟವೆಂದು ಬರೆದದ್ದರ ತಿದ್ದುಪಡಿ’ ಎಂದು ವಿವರಣೆ ಕೊಡಿ. ಸವಕಳಿ ಲೆಕ್ಕಕ್ಕೆ ಯಂತ್ರ ಕೊಂಡ ದಿನಾಂಕ ಬೇಕು, ಕಳುಹಿಸಿ.