ರೋಲರ್ ಕಲಿಯುವ ಹುಡುಗರಿಗೆ ಮೊದಲು ಏನು ಕಲಿಸಬೇಕು? – ಪ್ರಶ್ನೋತ್ತರ

ಪ್ರಶ್ನೆ (ಮೇಸ್ತ್ರಿ, ಮಧುಗಿರಿ ಕಡೆ):

ಸರ್, ನಮಸ್ಕಾರ. ನಾನು ಮಣ್ಣು ಕೆಲಸ, ಹಳ್ಳಿ ರಸ್ತೆ ಕೆಲಸ ಹಿಡಿಯುತ್ತೇನೆ. ಈ ಸಲ ಒಂದು ಕೆರೆ ಏರಿ ಮೇಲಿನ ರಸ್ತೆ ಸಿಕ್ಕಿದೆ. 11 ಟನ್ ವೈಬ್ರೇಷನ್ ರೋಲರ್ ಬಾಡಿಗೆಗೆ ಬರುತ್ತದೆ. ಆಪರೇಟರ್ ಒಬ್ಬನೇ. ಅವನು ಮದುವೆ, ಜಾತ್ರೆ ಅಂತ ಊರಿಗೆ ಹೋದರೆ ಕೆಲಸ ನಿಂತುಬಿಡುತ್ತದೆ. ನನ್ನ ಜೊತೆ ಇಬ್ಬರು ಹುಡುಗರಿದ್ದಾರೆ, ವಯಸ್ಸು 22 ಮತ್ತು 24, ಟ್ರ್ಯಾಕ್ಟರ್ ಚೆನ್ನಾಗಿ ಓಡಿಸುತ್ತಾರೆ. ಅವರಿಗೆ ರೋಲರ್ ಕಲಿಸೋಣ ಅಂತಿದ್ದೇನೆ. ‘ಟ್ರ್ಯಾಕ್ಟರ್ ಬಂದವನಿಗೆ ರೋಲರ್ ಅರ್ಧ ದಿನದ ಮಾತು’ ಅನ್ನುತ್ತಾನೆ ಆಪರೇಟರ್. ಹೌದಾ? ಎಲ್ಲಿಂದ ಶುರು ಮಾಡಲಿ?

ಉತ್ತರ (ಯಂತ್ರ ತರಬೇತುದಾರ, ತುಮಕೂರು):

ಮೇಸ್ತ್ರಿಗಳೇ, ಕಲಿಸುವ ಮೊದಲೇ ಕೇಳಿದಿರಲ್ಲ, ಅದು ತುಂಬಾ ಒಳ್ಳೆಯದಾಯಿತು. ರೋಲರ್ ಓಡಿಸುವುದು ಅರ್ಧ ದಿನದಲ್ಲಿ ಬರುತ್ತದೆ, ನಿಜ. ಆದರೆ ನೀವು ಕಲಿಸಬೇಕಾದ್ದು ನಿಲ್ಲಿಸುವುದನ್ನು. ಅದಕ್ಕೆ ವಾರಗಳೇ ಬೇಕು.

ಟ್ರ್ಯಾಕ್ಟರ್ ಕೈ ಇದ್ದವರಲ್ಲೇ ಒಂದು ಅಪಾಯ ಇದೆ. ಗಾಬರಿ ಆದಾಗ ಅವರ ಎಡಗಾಲು ತಾನಾಗಿ ಕ್ಲಚ್ ಹುಡುಕುತ್ತದೆ. ಈಗಿನ ಹೈಡ್ರಾಲಿಕ್ ರೋಲರ್‌ನಲ್ಲಿ ಕ್ಲಚ್ ಇಲ್ಲ. ಮುಂದೆ ಹಿಂದೆ ಹೋಗುವುದು ಒಂದೇ ಲಿವರ್‌ನಲ್ಲಿ, ನಿಲ್ಲುವುದೂ ಅದೇ ಲಿವರ್ ನ್ಯೂಟ್ರಲ್‌ಗೆ ತಂದಾಗ. ತುಂಬಾ ತುರ್ತಾದರೆ ಕೆಂಪು ಗುಂಡಿ. ಕಾಲು ಹುಡುಕುವ ಅಷ್ಟು ಹೊತ್ತಿನಲ್ಲಿ ಅನಾಹುತ ಆಗಿಹೋಗಿರುತ್ತದೆ. ಹಾಗಾಗಿ ಅವರ ಕೈಗೆ ಹೊಸ ಅಭ್ಯಾಸ ಕೂರಬೇಕು.

‘ಇಷ್ಟು ನಿಧಾನ ಹೋಗೋ ಗಾಡಿಯಲ್ಲಿ ಏನು ಭಯ?’ ಅಂತ ಹುಡುಗರು ಕೇಳುತ್ತಾರೆ. ಲೆಕ್ಕ ಹಾಕಿ ತೋರಿಸಿ. ಗಂಟೆಗೆ 5 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರ್. ಎಡವಿ ಬಿದ್ದವನು ಎದ್ದು ಸರಿಯಲು ಮೂರು ಸೆಕೆಂಡ್ ಆದರೂ ಬೇಕು ಅಲ್ವಾ? ಅಷ್ಟರಲ್ಲಿ ಡ್ರಮ್, ಅಂದರೆ ಗಾಡಿಯ ಮುಂದಿನ ಉಕ್ಕಿನ ಉರುಳೆ, 4 ಮೀಟರ್ ಬಂದಾಗಿರುತ್ತದೆ. ನೆಲದ ಮೇಲೆ 4 ಮೀಟರ್ ಅಳೆದು ಕಡ್ಡಿ ನೆಟ್ಟು ತೋರಿಸಿದರೆ ಮತ್ತೆ ಯಾರೂ ಆ ಮಾತು ಆಡುವುದಿಲ್ಲ.

ಮೊದಲ ದಿನ ಇಂಜಿನ್ ಹಾಕಲೇಬೇಡಿ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಒಬ್ಬನನ್ನು ಸೀಟಿನಲ್ಲಿ ಕೂರಿಸಿ. ಇನ್ನೊಬ್ಬನ ಕೈಗೆ ಬಿಳಿ ಟವೆಲ್ ಕೊಟ್ಟು ಗಾಡಿ ಸುತ್ತ ನಡೆಸಿ. ಟವೆಲ್ ಕಾಣದ ಜಾಗದಲ್ಲೆಲ್ಲ ಸೀಟಿನವನು ‘ಇಲ್ಲ’ ಅನ್ನಬೇಕು. ಅಲ್ಲೆಲ್ಲ ಸುಣ್ಣದ ಪುಡಿ ಹಾಕುತ್ತಾ ಹೋಗಿ. ಆಮೇಲೆ ಟವೆಲ್ ಹಿಡಿದವನು ಕುಕ್ಕರಗಾಲಲ್ಲಿ ಕೂತು ಅದೇ ಸುತ್ತು ಬರಲಿ. ಜೆಲ್ಲಿ ಹೆಕ್ಕುವವರು ಕೂರುವುದು ಹಾಗೇ ತಾನೇ? ಡ್ರಮ್ಮಿನ ಮುಂದೆ ಮತ್ತು ಇಂಜಿನ್ ಹಿಂದೆ ಬಿಳಿ ಎಷ್ಟು ಅಗಲ ಆಗುತ್ತದೆ ನೋಡಿ. ಇಬ್ಬರೂ ಜಾಗ ಬದಲಾಯಿಸಿ ಮಾಡಲಿ. ನಾನು ಇಷ್ಟು ವರ್ಷದಲ್ಲಿ ಕಲಿಸಿದ ಪಾಠಗಳಲ್ಲಿ ಮನಸ್ಸಿಗೆ ನಾಟಿದ್ದು ಇದೇ.

ಅದೇ ದಿನ ಗಾಡಿಯ ಸೊಂಟ ತೋರಿಸಿ. ಮುಂದಿನ ಡ್ರಮ್ ಭಾಗ, ಹಿಂದಿನ ಟೈರ್ ಭಾಗ ಸೇರುವ ಕೀಲು ಅದು. ಸ್ಟೇರಿಂಗ್ ತಿರುಗಿಸಿದರೆ ಗಾಡಿ ಅಲ್ಲಿ ಮಡಿಯುತ್ತದೆ. ಆ ಸಂದಿಯಲ್ಲಿ ನಿಂತವನಿಗೆ ಉಳಿಗಾಲ ಇಲ್ಲ. ಇಂಜಿನ್ ಓಡುವಾಗ ಅಲ್ಲಿ ಗ್ರೀಸ್ ಹಾಕಲು ಕೈ ಇಡಬಾರದು. ಕೀಲಿಗೆ ಒಂದು ಲಾಕ್ ಪಿನ್ ಇರುತ್ತದೆ. ರಿಪೇರಿಗೆ, ಟ್ರೈಲರ್ ಮೇಲೆ ಸಾಗಿಸಲು ಅದನ್ನು ಹಾಕಬೇಕು. ಓಡಿಸುವ ಮುಂಚೆ ತೆಗೆಯಬೇಕು, ಇಲ್ಲದಿದ್ದರೆ ಸ್ಟೇರಿಂಗೇ ತಿರುಗುವುದಿಲ್ಲ.

ಎರಡನೇ ದಿನದಿಂದ ವೈಬ್ರೇಷನ್ ಇಲ್ಲದೆ ಬರೀ ಹೋಗು, ನಿಲ್ಲು. ನೆಲಕ್ಕೆ ಸುಣ್ಣದ ಗೆರೆ ಎಳೆದು ಡ್ರಮ್ ಗೆರೆ ಮೇಲೆ ನಿಲ್ಲಿಸಲು ಹೇಳಿ. ಮುಂದಕ್ಕೆ ಬಂದ ಮೇಲೆ ರಿವರ್ಸ್‌ನಲ್ಲಿ. ನಡುವೆ ನೀವು ಇದ್ದಕ್ಕಿದ್ದಂತೆ ಸೀಟಿ ಊದಿ. ಸೀಟಿ ಕೇಳಿದ ಕೂಡಲೇ ಲಿವರ್ ನ್ಯೂಟ್ರಲ್‌ಗೆ ಬರಬೇಕು, ಯಾಕೆ ಅಂತ ಕೇಳುವುದು ಆಮೇಲೆ. ಕಲಿಸುವವರು ನೆಲದ ಮೇಲೆ, ಅವನಿಗೆ ಕಾಣುವ ಕಡೆ, ದೂರದಲ್ಲಿ ನಡೆಯಬೇಕು. ಮೆಟ್ಟಿಲ ಮೇಲೆ ನೇತಾಡಿಕೊಂಡು ಕಲಿಸುವ ಪದ್ಧತಿ ನಮ್ಮ ಕಡೆ ಜಾಸ್ತಿ. ದಯವಿಟ್ಟು ಬೇಡ. ಒಂದು ಸೀಟು, ಒಬ್ಬ ಮನುಷ್ಯ.

ನಿಲ್ಲಿಸುವುದು ಕೈಗೆ ಹತ್ತಿದ ಮೇಲೆ ವೈಬ್ರೇಷನ್. ಗಾಡಿ ಹೊರಟ ಮೇಲೆ ಆನ್, ನಿಲ್ಲುವ ಮುಂಚೆ ಆಫ್. ನಿಂತಲ್ಲೇ ನಡುಗಿಸಿದರೆ ಅಲ್ಲಿ ಹಳ್ಳ ಬೀಳುತ್ತದೆ, ಗಾಡಿಗೂ ಪೆಟ್ಟು. ಗಟ್ಟಿಯಾದ ಪದರದ ಮೇಲೆ ಇನ್ನೂ ನಡುಗಿಸಿದರೆ ಡ್ರಮ್ ಪುಟಿಯಲು ಶುರುವಾಗುತ್ತದೆ. ಹಾಗಾದಾಗ ಸ್ಟೇರಿಂಗ್ ಹಿಡಿತ ಕಡಿಮೆ ಆಗುತ್ತದೆ. ಸಾಕು ಅಂತ ಗಾಡಿಯೇ ಹೇಳುತ್ತಿದೆ ಅಂತ ತಿಳಿಯಿರಿ.

ಇನ್ನು ನಿಮ್ಮ ಏರಿ. ಅದರ ತಲೆ ಅಗಲ ಎಷ್ಟಿದೆ?

ಮೇಸ್ತ್ರಿ:

ಮೂರೂವರೆ ಮೀಟರ್ ಇದೆ ಸರ್. ಒಂದು ಕಡೆ ನೀರು, ಕಲ್ಲು ಕಟ್ಟಿದ್ದಾರೆ. ಇನ್ನೊಂದು ಕಡೆ ತೋಟ, ಇಳಿಜಾರು ಜಾಸ್ತಿ.

ಉತ್ತರ:

ಹಾಗಾದರೆ ಈ ಏರಿ ಮೇಲೆ ನಿಮ್ಮ ಹುಡುಗರು ಕಲಿಯುವುದು ಬೇಡ. ಈ ಗಾಡಿಯ ಡ್ರಮ್ಮೇ 2.1 ಮೀಟರ್ ಆಸುಪಾಸು, ಗಾಡಿಯ ಅಗಲ ಇನ್ನೂ ಸ್ವಲ್ಪ ಜಾಸ್ತಿ. ಸರಿಯಾಗಿ ನಡುವೆ ಹೋದರೂ ಎರಡೂ ಕಡೆ ಎರಡಡಿ ಉಳಿಯುತ್ತದೆ ಅಷ್ಟೇ. ತಿರುಗಿಸಲು ಜಾಗ ಇಲ್ಲ, ಅರ್ಧ ಕೆಲಸ ರಿವರ್ಸ್‌ನಲ್ಲಿ. ಅಂಚಿನ ಮಣ್ಣಿಗೆ ಪಕ್ಕದಿಂದ ಯಾವ ಆಸರೆಯೂ ಇಲ್ಲ, ಅದರ ಮೇಲೆ 11 ಟನ್ ನಡುಗುತ್ತದೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಕೊರಟಗೆರೆ ಕಡೆ ಒಂದು ಏರಿ ಕೆಲಸ. ಹಿಂದಿನ ರಾತ್ರಿ ಒಳ್ಳೆ ಮಳೆ. ಬೆಳಿಗ್ಗೆ ಮೇಲೆ ಮಣ್ಣು ಒಣಗಿದ ಹಾಗೆ ಕಂಡಿತು, ಒಳಗೆ ಬೆಣ್ಣೆ. ಗಾಡಿ ಅಂಚಿನ ಕಡೆ ಒಂದು ಗೇಣು ಸರಿದಿದ್ದೇ ತಡ, ಏರಿಯ ಅಂಚು ಹೋಳಾಗಿ ಕಳಚಿತು. ಗಾಡಿ ನಿಧಾನವಾಗಿ, ಎಮ್ಮೆ ಮಲಗಿದ ಹಾಗೆ, ತೋಟದ ಕಡೆಗೆ ವಾಲಿತು. ಆಪರೇಟರ್ ಬೆಲ್ಟ್ ಹಾಕಿದ್ದ. ಗಾಡಿ ಮಗುಚಿದರೂ ತಲೆ ಮೇಲಿನ ಉಕ್ಕಿನ ಚೌಕಟ್ಟು ತಡೆಯಿತು, ಭುಜ ಮುರಿದುಕೊಂಡು ಬದುಕಿದ. ಅವನು ಹಾರಿದ್ದರೆ ಗಾಡಿ ಬಿದ್ದ ಕಡೆಗೇ ಹಾರುತ್ತಿದ್ದ. ಇದನ್ನು ಹುಡುಗರಿಗೆ ಬಿಡಿಸಿ ಹೇಳಿ: ಗಾಡಿ ಮಗುಚುವಾಗ ಹಾರಬಾರದು, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಸೀಟಿನಲ್ಲೇ ಇರಬೇಕು. ಬೆಲ್ಟು ಮತ್ತು ಚೌಕಟ್ಟು ಎರಡೂ ಜೋಡಿ. ಚೌಕಟ್ಟು ಬಿಚ್ಚಿದ ಹಳೇ ಗಾಡಿ ಬಂದರೆ ಅಂಚಿನ ಕೆಲಸಕ್ಕೆ ಹತ್ತಿಸಲೇಬೇಡಿ. ಬಾಡಿಗೆ ಮಾತಾಡುವಾಗಲೇ ಈ ಎರಡನ್ನೂ ಕೇಳಿ.

ಏರಿ ಕೆಲಸ ಹೀಗೆ ಮಾಡಿ. ತೋಟದ ಕಡೆಯ ಇಳಿಜಾರಿನಲ್ಲಿ ಬುಡದಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಹೊಸ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡುತ್ತಾ ಮೇಲೆ ತನ್ನಿ. ಬೇಕಾದ ಅಗಲಕ್ಕಿಂತ ಒಂದಡಿ ಜಾಸ್ತಿಯೇ ತುಂಬಿ, ಕೊನೆಗೆ ಆ ಸಡಿಲ ಅಂಚು ಕಡಿದುಬಿಡಿ. ರೋಲರ್ ಅಂಚಿನಿಂದ ಒಂದು ಮೀಟರ್ ಒಳಗೇ ಇರಲಿ, ಅಲ್ಲಿಗೆ ಸುಣ್ಣದ ಗೆರೆ. ಉಳಿದ ಅಂಚಿಗೆ ಕೈಯಲ್ಲಿ ನಡೆಸುವ ಮಿನಿ ರೋಲರ್ ಅಥವಾ ಪ್ಲೇಟ್ (ನಡುಗುತ್ತಾ ಮಣ್ಣು ಬಡಿಯುವ ಚಪ್ಪಟೆ ತಳದ ಸಣ್ಣ ಯಂತ್ರ) ಹಾಕಿ. ಮೇಲೆ ಜಾಗ ಸಾಲದ ಕಡೆ ದೊಡ್ಡ ಗಾಡಿ ಹೋಗುವುದೇ ಬೇಡ, ಮಿನಿ ರೋಲರ್‌ನಲ್ಲಿ ಪದರ ತೆಳ್ಳಗೆ ಹಾಕಿ ಮಾಡಿ. ದಿನ ನಾಲ್ಕು ಜಾಸ್ತಿ ಹಿಡಿಯುತ್ತದೆ, ಒಪ್ಪುತ್ತೇನೆ. ಏರಿ ಹತ್ತುವ ರ‍್ಯಾಂಪ್‌ನಲ್ಲಿ ನೇರ ಮೇಲೆ, ನೇರ ಕೆಳಗೆ. ಅಡ್ಡ ಹೋಗಬಾರದು, ಅಲ್ಲಿ ಜೋರಾಗಿ ತಿರುಗಿಸಲೂಬಾರದು. ಗಾಡಿ ಸೊಂಟದಲ್ಲಿ ಮಡಿದಾಗ ಭಾರ ಪಕ್ಕಕ್ಕೆ ಸರಿಯುತ್ತದೆ.

ಪ್ರಶ್ನೆ (ರಸ್ತೆ ಕೆಲಸ ಮಾಡುವ ಮಹಿಳೆ, ಶಿರಾ ಕಡೆ):

ಅಣ್ಣಾ, ನಾವು ಗಾಡಿ ಓಡಿಸುವವರಲ್ಲ. ರೋಲರ್ ಮುಂದೆ ದಪ್ಪ ಕಲ್ಲು ಹೆಕ್ಕುತ್ತೇವೆ, ಡ್ರಮ್ಮಿಗೆ ಮೆತ್ತಿದ ಮಣ್ಣು ಕೆರೆಯುತ್ತೇವೆ. ‘ಬೇಗ ಬೇಗ’ ಅಂತ ಕೂಗುತ್ತಾರೆ, ಗಾಡಿ ಹತ್ತಿರ ಬಂದುಬಿಟ್ಟಿರುತ್ತದೆ. ನಮಗೂ ಏನಾದರೂ ಹೇಳಿಕೊಡಿ.

ಉತ್ತರ:

ಅಕ್ಕಾ, ನೀವು ಕೇಳಿದ್ದು ಈ ಇಡೀ ಚರ್ಚೆಯಲ್ಲಿ ಬಹಳ ಮುಖ್ಯವಾದ ಮಾತು. ತರಬೇತಿ ಅಂದರೆ ಸೀಟಿನಲ್ಲಿ ಕೂರುವವನಿಗೆ ಮಾತ್ರ ಅಂದುಕೊಂಡಿದ್ದಾರೆ. ರೋಲರ್ ಸುತ್ತ ಕೆಲಸ ಮಾಡುವ ಪ್ರತಿಯೊಬ್ಬರನ್ನೂ ಒಂದು ಸಲವಾದರೂ ಆ ಸೀಟಿನಲ್ಲಿ ಕೂರಿಸಿ, ಅಲ್ಲಿಂದ ಏನು ಕಾಣುವುದಿಲ್ಲ ಅಂತ ತೋರಿಸಬೇಕು. ನೀವು ಹಕ್ಕಿನಿಂದ ಕೇಳಿ.

ಗಾಡಿ ಓಡುವಾಗ ಅದರ ದಾರಿಯಲ್ಲಿ ಯಾರೂ ಇರಬಾರದು. ಕಲ್ಲು ಹೆಕ್ಕಬೇಕಾದರೆ ಗಾಡಿ ನಿಲ್ಲಬೇಕು, ನೀವು ಕೆಲಸ ಮುಗಿಸಿ ಬದಿಗೆ ಬಂದ ಮೇಲೆ ಹೊರಡಬೇಕು. ನೀವು ಆಪರೇಟರ್ ಕಣ್ಣು ನೋಡಿ ಕೈ ಎತ್ತಿ, ಅವನೂ ಕೈ ಎತ್ತಿದ ಮೇಲೆಯೇ ಹತ್ತಿರ ಹೋಗಿ. ಅವನು ಫೋನ್ ನೋಡುತ್ತಿದ್ದರೆ ಹೋಗಬೇಡಿ. ಓಡುತ್ತಿರುವ ಡ್ರಮ್ಮನ್ನು ಗುದ್ದಲಿಯಿಂದ ಕೆರೆಯುವುದಂತೂ ಬೇಡವೇ ಬೇಡ. ಅದಕ್ಕೆ ಗಾಡಿಯಲ್ಲೇ ಸ್ಕ್ರೇಪರ್ ಪಟ್ಟಿ ಇರುತ್ತದೆ. ಅದು ಸವೆದಿದ್ದರೆ ಬದಲಾಯಿಸುವುದು ಗಾಡಿ ಮಾಲೀಕರ ಕೆಲಸ. ಸಿಗ್ನಲ್ ಕೊಡುವವರು ಒಬ್ಬರೇ ಇರಲಿ. ಆದರೆ ‘ನಿಲ್ಲಿಸು’ ಅಂತ ಯಾರು ಕೂಗಿದರೂ ಗಾಡಿ ನಿಲ್ಲಬೇಕು.

ಇನ್ನೊಂದು, ಮಧ್ಯಾಹ್ನದ ನೆರಳು. ಬೇಸಿಗೆಯಲ್ಲಿ ನಮ್ಮ ಶಿರಾ, ಪಾವಗಡದ ಬಯಲಲ್ಲಿ ಒಂದು ಮರ ಸಿಗುವುದಿಲ್ಲ. ಊಟ ಮುಗಿದ ಮೇಲೆ ರೋಲರ್ ನೆರಳಲ್ಲಿ ಟವೆಲ್ ಹಾಸಿ ಮಲಗುತ್ತಾರೆ, ಮಗುವನ್ನೂ ಮಲಗಿಸುತ್ತಾರೆ. ತಂಪು ಬೇಕು ಅನ್ನುವುದು ತಪ್ಪಲ್ಲ. ಮೇಸ್ತ್ರಿಗಳೇ, ನಾಲ್ಕು ಗಳ, ಒಂದು ಟಾರ್ಪಾಲ್ ಹಾಕಿಸಿಕೊಡಿ, ಗಾಡಿಯಿಂದ ದೂರ. ಊಟ ಆದ ಮೇಲೆ ಆಪರೇಟರ್ ಗಾಡಿ ಸುತ್ತ ಒಂದು ಸುತ್ತು ನಡೆದು, ಬಗ್ಗಿ ನೋಡಿ, ಎರಡು ಸಲ ಹಾರ್ನ್ ಹೊಡೆದ ಮೇಲೆಯೇ ಹೊರಡಬೇಕು. ಸಂಜೆ ಕೀ ಗಾಡಿಯಲ್ಲಿ ಬಿಡಬಾರದು, ಊರ ಮಕ್ಕಳು ಹತ್ತದೇ ಇರುವುದಿಲ್ಲ.

ಅಕ್ಕಾ, ನಿಮ್ಮ ಹೆಸರು ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದೆಯಾ? 18ರಿಂದ 60 ವಯಸ್ಸಿನೊಳಗೆ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಆಗುತ್ತದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ (ಪೈಪ್‌ಲೈನ್ ಕೆಲಸದ ಸೂಪರ್‌ವೈಸರ್, ಗುಬ್ಬಿ):

ಸರ್, ನಮ್ಮದು ಪೈಪ್ ಹಾಕಿ, ಮಣ್ಣು ಮುಚ್ಚಿ, ಯಂತ್ರದಲ್ಲಿ ಗುದ್ದಿ ಗಟ್ಟಿ ಮಾಡುವ ಕೆಲಸ. ಪೆಟ್ರೋಲ್ ರ‍್ಯಾಮರ್, ಪ್ಲೇಟ್ ಇದೆ. ಇದಕ್ಕೂ ತರಬೇತಿ ಬೇಕಾ? ಹಳೇ ಮಣ್ಣಿನ ಮನೆಗಳ ಪಕ್ಕ ರೋಲರ್ ಹಾಕಬಹುದಾ?

ಉತ್ತರ:

ಬೇಕು. ಸಣ್ಣ ಯಂತ್ರ ಅಂತ ಸುಮ್ನೆ ಕೈಗೆ ಕೊಟ್ಟುಬಿಡುತ್ತಾರೆ. ಪೈಪಿಗೆ ತೋಡಿದ ಆಳದ ಕಾಲುವೆ ಒಳಗೆ ಪೆಟ್ರೋಲ್ ಇಂಜಿನ್ ಓಡಿಸಿದರೆ ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅಲ್ಲೇ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ ಬಂದರೆ ಬಿಸಿಲಿಗೆ ಅಂದುಕೊಳ್ಳುತ್ತಾರೆ. ಒಬ್ಬ ಕುಸಿದರೆ ಎತ್ತಲು ಇಳಿದವನೂ ಕುಸಿಯುತ್ತಾನೆ. ಆಳದಲ್ಲಿ ಪೆಟ್ರೋಲ್ ರ‍್ಯಾಮರ್ ಬೇಡ. ಜೊತೆಗೆ ಆ ಗುದ್ದಿಗೆ ಕಾಲುವೆಯ ಗೋಡೆಯೇ ಕುಸಿಯಬಹುದು, ಆಸರೆ ಕೊಡದೆ ಯಾರನ್ನೂ ಇಳಿಸಬೇಡಿ.

ರ‍್ಯಾಮರ್ ಹಿಡಿದವನಿಗೆ ಉಕ್ಕಿನ ಮೂತಿಯ ಶೂ ಬೇಕು, ಹವಾಯಿ ಚಪ್ಪಲಿ ಅಲ್ಲ. ಕಿವಿಗೆ ಪ್ಲಗ್ ಇರಲಿ. ದಿನವಿಡೀ ಒಬ್ಬನೇ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ, ಬೆಳ್ಳಗಾಗುತ್ತದೆ. ವರ್ಷಗಟ್ಟಲೆ ಹಾಗೇ ಆದರೆ ನರ ಮತ್ತೆ ಸರಿಹೋಗುವುದಿಲ್ಲ. ಆಗಾಗ ಆಳು ಬದಲಾಯಿಸಿ.

ಮಣ್ಣಿನ ಮನೆ ಪಕ್ಕ ವೈಬ್ರೇಷನ್ ಆಫ್. ಬರೀ ಭಾರದಲ್ಲೇ, ತೆಳು ಪದರ ಹಾಕಿ, ಪಾಸ್ (ಅದೇ ಜಾಗದ ಮೇಲೆ ಗಾಡಿ ಓಡಿಸುವ ಸಲ) ಜಾಸ್ತಿ ಮಾಡಿ. ಕೆಲಸಕ್ಕೆ ಮುಂಚೆ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಮೇಸ್ತ್ರಿ:

ಸರ್, ಲೈಸೆನ್ಸ್ ವಿಷಯ?

ಉತ್ತರ:

ಸಾರ್ವಜನಿಕ ರಸ್ತೆಗೆ ಇಳಿಸುವುದಾದರೆ ಲೈಸೆನ್ಸ್ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 10ನೇ ಸೆಕ್ಷನ್‌ನಲ್ಲಿ ರೋಡ್ ರೋಲರ್ ಅಂತಲೇ ಬೇರೆ ವರ್ಗ ಇದೆ. ಟ್ರ್ಯಾಕ್ಟರ್ ಲೈಸೆನ್ಸ್ ಇದಕ್ಕೆ ನಡೆಯುವುದಿಲ್ಲ. ಕೆಲಸದ ಸರ್ಟಿಫಿಕೇಟಿಗೆ ಇನ್‌ಫ್ರಾಸ್ಟ್ರಕ್ಚರ್ ಎಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್‌ನ ತರಬೇತಿ ಕೇಂದ್ರಗಳಲ್ಲಿ ವಿಚಾರಿಸಿ. ಹುಡುಗರ ಕೈಯಲ್ಲಿ ಅದಿದ್ದರೆ ನಾಳೆ ಬೇರೆ ಕಡೆ ಕೂಲಿಯೂ ಜಾಸ್ತಿ ಸಿಗುತ್ತದೆ.

ಮೇಸ್ತ್ರಿ (ನಾಲ್ಕು ದಿನದ ನಂತರ):

ಸರ್, ಶಾಲೆ ಹಿಂದಿನ ಬಯಲಲ್ಲಿ ರಜೆ ದಿನ ಗೇಟು ಹಾಕಿ ಟವೆಲ್ ಪಾಠ ಮಾಡಿದೆವು. ಆಪರೇಟರ್ ಊರಿಂದ ಬಂದಿದ್ದ, ಅವನೂ ಕೂತ. ಹಿಂದೆ ಕುಕ್ಕರಗಾಲಲ್ಲಿ ಕೂತ ಹುಡುಗ ಅವನಿಗೆ ಕಾಣಲೇ ಇಲ್ಲ. ಇಳಿದು ಬಂದು ಸುಣ್ಣ ಹಾಕಿದ ಜಾಗ ನೋಡುತ್ತಾ ನಿಂತುಬಿಟ್ಟ. ಹನ್ನೆರಡು ವರ್ಷದ ಆಪರೇಟರ್ ಸರ್ ಅವನು. ಏರಿಗೆ ಮಿನಿ ರೋಲರ್ ಹೇಳಿದ್ದೇನೆ. ಮೆಟ್ಟಿಲು ಕಡಿಯುವುದು ಸೋಮವಾರದಿಂದ.

ಉತ್ತರ:

ತುಂಬಾ ಸಂತೋಷ ಆಯಿತು ಮೇಸ್ತ್ರಿಗಳೇ. ಭಾನುವಾರ ರಾತ್ರಿ ಮಳೆ ಬಂದರೆ ಸೋಮವಾರ ಬೇಡ. ಅಂಚಿನಲ್ಲಿ ಒಂದಡಿ ಅಗೆದು ಒಂದು ಹಿಡಿ ಮಣ್ಣು ಕೈಯಲ್ಲಿ ಹಿಸುಕಿ ನೋಡಿ, ಬೆರಳ ಸಂದಿಯಿಂದ ಜಾರಿ ಬಂದರೆ ಒಣಗಲು ಬಿಡಿ. ಬೆಳಿಗ್ಗೆ ಅಂಚಿನ ಫೋಟೋ ಇಲ್ಲೇ ಹಾಕಿ, ನಾನೂ ನೋಡುತ್ತೇನೆ.